ಮೊದಲ ನಾಲ್ಕು ನಿಮಿಷ: ಥ್ರಿಲ್ಲರ್ ಸಿನಿಮಾ ನಮ್ಮನ್ನು ಎಲ್ಲಿ ತಂದು ನಿಲ್ಲಿಸುತ್ತದೆ?

ಡೊಂಬಿವಲಿ ಗ್ಯಾಲರಿ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮ ಸಂಘದ ಚಿಕ್ಕ ಹಾಲಿನಲ್ಲಿ ‘ರಿಯರ್ ವಿಂಡೋ’ ಹಾಕಿದ್ದೆವು. 1954ರ ಸಿನಿಮಾ, ಹಿಚ್‌ಕಾಕ್ ಅವರದ್ದು. ಹದಿನೆಂಟು ಜನ ಬಂದಿದ್ದರು. ಮುಗಿದ ಮೇಲೆ ಕೊಲೆಯ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ಶುರುವಿನ ನಾಲ್ಕು ನಿಮಿಷದ ಬಗ್ಗೆಯೇ ಮುಕ್ಕಾಲು ಗಂಟೆ ಮಾತು ನಡೆಯಿತು. ಚಹಾ ಆರಿ ಹೋಯಿತು. ರೈಲು ತಪ್ಪುತ್ತದೆ ಅಂತ ಎದ್ದವರು ಮೆಟ್ಟಿಲಲ್ಲಿ ನಿಂತು ಅದನ್ನೇ ಮುಂದುವರಿಸಿದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಮೊದಲು ಆ ಶುರುವನ್ನು ಹೇಳಿಬಿಡುತ್ತೇನೆ. ಮೂರು ಕಿಟಕಿ, ಬಿದಿರಿನ ಪರದೆ. ಹೆಸರುಗಳು ಬರುತ್ತಿರುವಾಗ ಪರದೆಗಳು ಒಂದೊಂದಾಗಿ ಮೇಲೇಳುತ್ತವೆ, ನಾಟಕದಲ್ಲಿ ಎದ್ದ ಹಾಗೆ. ಕ್ಯಾಮೆರಾ ಕಿಟಕಿ ದಾಟಿ ಹೊರಗೆ ಹೋಗುತ್ತದೆ. ಕೆಳಗೆ ಅಂಗಳ, ಮೆಟ್ಟಿಲು ಹತ್ತುವ ಒಂದು ಬೆಕ್ಕು, ಸುತ್ತ ಎಲ್ಲಾ ಮನೆಗಳ ಹಿಂಭಾಗ. ಒಂದು ಸುತ್ತು ಹಾಕಿ ಒಳಗೆ ಬಂದರೆ ನಾಯಕ ಮಲಗಿದ್ದಾನೆ. ಹಣೆ ತುಂಬ ಬೆವರು. ಪಕ್ಕದಲ್ಲಿ ಥರ್ಮಾಮೀಟರ್, 94 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 34ರ ಮೇಲೆ. ಮತ್ತೆ ಹೊರಗೆ. ಒಬ್ಬ ಗಡ್ಡ ಹೆರೆಯುತ್ತಾ ರೇಡಿಯೋ ತಿರುಗಿಸುತ್ತಾನೆ. ಸೆಕೆ ತಾಳಲಾರದೆ ಗಂಡ ಹೆಂಡತಿ ಹೊರಗಿನ ಕಬ್ಬಿಣದ ಮೆಟ್ಟಿಲ ಕಟ್ಟೆಯಲ್ಲೇ ಮಲಗಿದ್ದಾರೆ. ಒಬ್ಬಳು ಕಾಫಿ ಮಾಡುತ್ತಾ ಮೈ ಬಳುಕಿಸಿ ನೃತ್ಯದ ಅಭ್ಯಾಸ ಮಾಡುತ್ತಾಳೆ. ಮತ್ತೆ ಒಳಗೆ ಬರುತ್ತದೆ ಕ್ಯಾಮೆರಾ. ಅವನ ಕಾಲಿಗೆ ಸೊಂಟದವರೆಗೆ ಪ್ಲಾಸ್ಟರ್, ಮೇಲೆ ಅವನ ಹೆಸರು. ಆಮೇಲೆ ಒಡೆದುಹೋದ ಒಂದು ಕ್ಯಾಮೆರಾ. ಗೋಡೆಯಲ್ಲಿ ರೇಸ್ ಕಾರಿನ ಅಪಘಾತದ ಫೋಟೋ, ಚಕ್ರ ಕಿತ್ತುಕೊಂಡು ನೇರ ನಮ್ಮತ್ತ ಹಾರುತ್ತಿದೆ. ಕಾಲು ಹೇಗೆ ಮುರಿಯಿತು ಅಂತ ಇನ್ನು ಯಾರೂ ಹೇಳಬೇಕಾಗಿಲ್ಲ. ಕೊನೆಗೆ ಒಂದು ಹೆಂಗಸಿನ ಮುಖದ ನೆಗೆಟಿವ್, ಚೌಕಟ್ಟು ಹಾಕಿಸಿದ್ದು. ಪಕ್ಕದಲ್ಲಿ ಪತ್ರಿಕೆಗಳ ರಾಶಿ, ಮುಖಪುಟದಲ್ಲಿ ಅದೇ ಮುಖ.

ರೇಡಿಯೋದಲ್ಲಿ ಬರುವ ಜಾಹೀರಾತು ಬಿಟ್ಟರೆ ಇಷ್ಟರಲ್ಲಿ ಒಂದು ಮಾತೂ ಇಲ್ಲ.

ನನ್ನನ್ನು ನಿದ್ದೆಗೆಡಿಸಿದ್ದು ಬೇರೆ ವಿಷಯ. ಈ ಸಿನಿಮಾ ಅಂದರೆ ಇಣುಕಿ ನೋಡುವವನ ಕಥೆ ಅಂತ ಎಲ್ಲರೂ ಹೇಳುತ್ತೇವೆ. ಆದರೆ ಮೊದಲ ಸಲ ಆ ಮನೆಗಳನ್ನೆಲ್ಲ ಇಣುಕಿ ನೋಡುವಾಗ ಅವನಿಗೆ ನಿದ್ದೆ. ಹಾಗಾದರೆ ನೋಡಿದ್ದು ಯಾರು? ನಾವು ಹದಿನೆಂಟು ಜನ. ಅವನಿಗಿಂತ ಮೊದಲು ಶುರು ಮಾಡಿದ್ದೇ ನಾವು. ಆಮೇಲೆ ಅವನು ದೂರದರ್ಶಕ ಎತ್ತಿಕೊಂಡಾಗ “ಛೆ, ಇದೆಂಥ ಬುದ್ಧಿ” ಅನ್ನುವ ಹಕ್ಕು ನಮಗೆ ಉಳಿದಿರುವುದಿಲ್ಲ.

ನಾನು ಚಾಳಿನಲ್ಲಿ, ಅಂದರೆ ಒಂದೇ ಗ್ಯಾಲರಿಗೆ ಬಾಗಿಲು ತೆರೆಯುವ ಸಾಲು ಮನೆಗಳಲ್ಲಿ, ಬೆಳೆದವಳು. ಎದುರಿನ ಗ್ಯಾಲರಿಯಲ್ಲಿ ಯಾರ ಮನೆಯ ಹಾಲು ಯಾವಾಗ ಉಕ್ಕುತ್ತದೆ, ಯಾರ ಮನೆಯ ಬಾಗಿಲು ಇವತ್ತು ತೆರೆದಿಲ್ಲ ಅನ್ನುವುದು ನೋಡದಿದ್ದರೂ ತಿಳಿಯುತ್ತಿತ್ತು. ಮೇ ತಿಂಗಳಲ್ಲಿ ಎಲ್ಲರ ಬಾಗಿಲೂ ಹಾರು ಹೊಡೆದಿರುತ್ತಿತ್ತು. ಆ ಥರ್ಮಾಮೀಟರ್ ಸುಮ್ನೆ ಇಟ್ಟಿದ್ದಲ್ಲ ಅಂತ ನಿನ್ನೆ ಹೊಳೆಯಿತು. ಸೆಕೆ ಇರದಿದ್ದರೆ ಕಿಟಕಿಗಳು ಮುಚ್ಚಿರುತ್ತಿದ್ದವು. ಕಿಟಕಿ ಮುಚ್ಚಿದ್ದರೆ ಕಥೆಯೇ ಇಲ್ಲ.

ನನ್ನ ವಾದ ಇಷ್ಟೇ. ಒಳ್ಳೆಯ ಥ್ರಿಲ್ಲರಿನ ಶುರು ನಮ್ಮನ್ನು ಹೆದರಿಸುವುದಿಲ್ಲ. ಎಲ್ಲಿ ನಿಲ್ಲಬೇಕು ಅಂತ ಒಂದು ಜಾಗ ತೋರಿಸುತ್ತದೆ, ಕೈಗೆ ಒಂದಿಷ್ಟು ಗುಟ್ಟು ಕೊಡುತ್ತದೆ. ಹೆದರಿಕೆ ಆಮೇಲೆ ತಾನಾಗಿ ಬರುತ್ತದೆ. ನೀವೇನಂತೀರಿ?

ಮಾಟುಂಗಾ ನಿವೃತ್ತ · ಸೋಮವಾರ, ರಾತ್ರಿ 10:25

ತಂಗೀ, ಚೆನ್ನಾಗಿ ಬರೆದಿದ್ದೀರಿ. ನಾನು ಬ್ಯಾಂಕಿನಲ್ಲಿದ್ದಾಗ ಫಿಲ್ಮ್ ಸೊಸೈಟಿಯ ಸದಸ್ಯನಾಗಿದ್ದೆ. ಶನಿವಾರ ಅರ್ಧ ದಿನ ಕೆಲಸ ಮುಗಿಸಿ ನೇರ ಹೋಗುತ್ತಿದ್ದೆವು. ಈ ಸಿನಿಮಾವನ್ನು ಆರು ಸಲವಾದರೂ ನೋಡಿದ್ದೇನೆ. ಅಷ್ಟು ಮನೆಗಳಿರುವ ಅಂಗಳವನ್ನು ಪ್ಯಾರಾಮೌಂಟ್ ಸ್ಟುಡಿಯೋದ ಒಳಗೇ ಕಟ್ಟಿದ್ದರು, 31 ಮನೆ. ಕಥೆ ನ್ಯೂಯಾರ್ಕಿನದ್ದಾದರೂ ಅದು ನ್ಯೂಯಾರ್ಕೇ ಅಲ್ಲ. ಹಾಗಿದ್ದೂ ಪ್ರತಿ ಕಿಟಕಿಯ ಹಿಂದೆ ಒಂದು ಸಂಸಾರ ಇದೆ ಅಂತ ನಂಬಿಬಿಡುತ್ತೇವೆ.

ನಿಮ್ಮ ಮಾತಿಗೆ ‘ಸೈಕೋ’ ಸೇರಿಸುತ್ತೇನೆ, 1960. ಊರಿನ ಮೇಲಿಂದ ಕ್ಯಾಮೆರಾ ಬರುತ್ತದೆ. ಅಕ್ಷರಗಳಲ್ಲಿ ಫೀನಿಕ್ಸ್ ಊರಿನ ಹೆಸರು, ಶುಕ್ರವಾರ, ಡಿಸೆಂಬರ್ 11, ಮಧ್ಯಾಹ್ನ 2 ಗಂಟೆ 43 ನಿಮಿಷ. ಅಷ್ಟು ಖಚಿತವಾಗಿ ಯಾಕೆ ಹೇಳಬೇಕು? ಪೊಲೀಸ್ ಪಂಚನಾಮೆಯಲ್ಲಿ ಬರೆದ ಹಾಗಿದೆ, ಅಲ್ವಾ? ಇನ್ನೂ ಏನೂ ಆಗಿಲ್ಲ, ಆಗಲೇ ಸಮಯ ದಾಖಲಾಗಿದೆ. ಅಷ್ಟೂ ಕಟ್ಟಡಗಳಲ್ಲಿ ಒಂದನ್ನು ಆರಿಸಿ, ಅದರಲ್ಲಿ ಒಂದು ಕಿಟಕಿ ಆರಿಸಿ, ಅರ್ಧ ಇಳಿಸಿದ ಪರದೆಯ ಕೆಳಗಿನ ಸಂದಿಯಿಂದ ಕ್ಯಾಮೆರಾ ಒಳಗೆ ನುಸುಳುತ್ತದೆ. ಹೋಟೆಲ್ ಕೋಣೆ. ಪ್ರೇಮಿಗಳು. ತಿನ್ನದೆ ಬಿಟ್ಟ ಊಟ. ಅವಳು ಬಿಳಿ ಒಳ ಉಡುಪಿನಲ್ಲಿದ್ದಾಳೆ. 40,000 ಡಾಲರ್ ಕದ್ದು ಮನೆಗೆ ತಂದ ಮೇಲೆ ನೋಡಿ, ಒಳ ಉಡುಪು ಕಪ್ಪು. ಯಾರೂ ಮಾತಿನಲ್ಲಿ ಹೇಳುವುದಿಲ್ಲ. ಬಟ್ಟೆ ಹೇಳುತ್ತದೆ.

ಆ ಸಿನಿಮಾಕ್ಕೆ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಹಿಚ್‌ಕಾಕ್ ಪಟ್ಟು ಹಿಡಿದಿದ್ದರು. ಥಿಯೇಟರುಗಳ ಮುಂದೆ ಬೋರ್ಡ್ ಹಾಕಿಸಿದ್ದರು. ನನಗೆ ಅದು ಗರ್ವ ಅನ್ನಿಸುವುದಿಲ್ಲ. ಮೊದಲ ಪುಟ ಹರಿದ ಪುಸ್ತಕ ಮಾರುವುದಿಲ್ಲ ಅಂದ ಹಾಗೆ.

ಲೈಟಿನ ಮನುಷ್ಯ, ಗೋರೆಗಾಂವ್ · ಮಂಗಳವಾರ, ಬೆಳಗ್ಗೆ 1:15

ಈಗಷ್ಟೇ ಶೂಟಿಂಗ್ ಪ್ಯಾಕ್‌ಅಪ್ ಆಯಿತು. ಓದಿ ಸುಮ್ಮನಿರಲಾಗಲಿಲ್ಲ.

ಅಕ್ಕ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಗುಟ್ಟು, ಜಾಗ, ಅದೆಲ್ಲ ತಲೆಯ ಕೆಲಸ. ಅದಕ್ಕಿಂತ ಮೊದಲು ಮೈಗೆ ಏನೋ ಆಗುತ್ತದೆ. ಅದು ಬೆಳಕಿನಿಂದ ಆಗುತ್ತದೆ. ನಾನು ಕಲಬುರಗಿ ಕಡೆಯವನು, ಹದಿನಾಲ್ಕು ವರ್ಷದಿಂದ ಇಲ್ಲಿ ಲೈಟ್ ಎತ್ತುತ್ತಿದ್ದೇನೆ. ರಾತ್ರಿ ಸೀನ್ ಇದ್ದರೆ ಮೊದಲು ಬರುವುದು ನೀರಿನ ಟ್ಯಾಂಕರ್. ರಸ್ತೆ ತೋಯಿಸುತ್ತಾರೆ. ಒಣ ಡಾಂಬರು ಬೆಳಕನ್ನು ನುಂಗಿಬಿಡುತ್ತದೆ, ತೆರೆಯಲ್ಲಿ ಬರೀ ಕಪ್ಪು ಕಾಣುತ್ತದೆ. ಒದ್ದೆ ಡಾಂಬರು ಬೆಳಕನ್ನು ವಾಪಸ್ ಕೊಡುತ್ತದೆ. ಆಗ ರಸ್ತೆಗೂ ಒಂದು ಕೆಳಲೋಕ ಇದ್ದ ಹಾಗೆ ಕಾಣುತ್ತದೆ. ಮಳೆಗಾಲ ಅಲ್ಲದಿದ್ದರೂ ಸಿನಿಮಾದ ರಾತ್ರಿ ಯಾವಾಗಲೂ ಆಗಷ್ಟೇ ಮಳೆ ನಿಂತ ರಾತ್ರಿಯೇ.

‘ತಲಾಶ್’ ಶುರು ನೆನಪಿದೆಯಾ? 2012, ರೀಮಾ ಕಾಗ್ತಿ ಅವರದ್ದು, ಕ್ಯಾಮೆರಾ ಕೆ.ಯು. ಮೋಹನನ್. ಹೆಸರುಗಳು ಬರುವಾಗ ಮುಂಬೈ ರಾತ್ರಿ, ಬಣ್ಣದ ದೀಪ, ಬೀದಿಯಲ್ಲಿ ನಿಂತವರು, ಹಿಂದೆ ನಿಧಾನದ ಜಾಝ್ ಹಾಡು. ಅದು ಮುಗಿಯುತ್ತಿದ್ದ ಹಾಗೆ ಸಮುದ್ರದ ಪಕ್ಕದ ಖಾಲಿ ರಸ್ತೆ. ಒಂದು ಕಾರು ಇದ್ದಕ್ಕಿದ್ದ ಹಾಗೆ ತಿರುಗಿ ಸಮುದ್ರಕ್ಕೆ ಬೀಳುತ್ತದೆ. ಯಾಕೆ ತಿರುಗಿತು ಗೊತ್ತಾಗುವುದಿಲ್ಲ. ಗುಟ್ಟೇನೂ ನಮ್ಮ ಕೈಗೆ ಬಂದಿಲ್ಲ. ಆದರೂ ಹೊಟ್ಟೆಯಲ್ಲಿ ಏನೋ ಕುಸಿಯುತ್ತದೆ. ಅಷ್ಟು ಹೊತ್ತು ಆ ದೀಪಗಳು ನಮ್ಮನ್ನು ಬೆಚ್ಚಗೆ ಇಟ್ಟಿದ್ದವು, ಅದಕ್ಕೆ. ಬಣ್ಣದಿಂದ ಎತ್ತಿ ಕಪ್ಪು ನೀರಿಗೆ ಹಾಕಿದರು.

ಹಾಗಾಗಿ ನನ್ನ ಪಾಲಿಗೆ ಬೆಳಕು ಮೊದಲು, ಗುಟ್ಟು ಆಮೇಲೆ.

ಡೊಂಬಿವಲಿ ಗ್ಯಾಲರಿ · ಮಂಗಳವಾರ, ಬೆಳಗ್ಗೆ 8:05

ಅಣ್ಣಾ, ಇದನ್ನು ಲೋಕಲ್ ರೈಲಿನಲ್ಲಿ ನಿಂತು ಓದಿದೆ. ‘ಕೆಳಲೋಕ’ ಅಂದಿರಲ್ಲ, ಅದು ಮನಸ್ಸಿನಲ್ಲೇ ಉಳಿಯಿತು. ಸಂಜೆ ಬಂದು ಬರೆಯುತ್ತೇನೆ.

ಕರ್ವೆ ರಸ್ತೆ ಹುಡುಗ, ಪುಣೆ · ಮಂಗಳವಾರ, ಮಧ್ಯಾಹ್ನ 2:30

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಬರೆಯುತ್ತಿದ್ದೇನೆ. ನನಗೆ ಸಹಾಯ ಬೇಕು.

ನಾನು ಏಳು ನಿಮಿಷದ ಒಂದು ಕಿರುಚಿತ್ರ ಮಾಡಿದ್ದೇನೆ. ಕಥೆ ಒಂದು ಉಡುಪಿ ಹೋಟೆಲಿನದ್ದು. ಅಪ್ಪ ಇಂಥದ್ದೇ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂತು ನನ್ನನ್ನು ಓದಿಸಿದವರು, ಹಾಗಾಗಿ ಆ ಜಾಗ ನನಗೆ ಚೆನ್ನಾಗಿ ಗೊತ್ತು. ಕಥೆಯಲ್ಲಿ ರಾತ್ರಿ ಲೆಕ್ಕ ಮಾಡುವಾಗ ದುಡ್ಡು ಕಡಿಮೆ ಬರುತ್ತದೆ. ಕದ್ದವನು ಇನ್ನೂ ಒಳಗೇ ಇದ್ದಾನೆ. ಅಷ್ಟೇ.

ಶುರುವಿನಲ್ಲಿ ಒಬ್ಬ ಮಳೆಯಲ್ಲಿ ಓಡುತ್ತಿದ್ದಾನೆ. ಕ್ಯಾಮೆರಾ ಕೈಯಲ್ಲಿ ಹಿಡಿದು ಹಿಂದೆ ಓಡಿದ್ದೇವೆ. ಜೋರು ಡ್ರಮ್ ಸಂಗೀತ. ನಡುವೆ ಡ್ರೋನ್‌ನಿಂದ ತೆಗೆದ ಊರಿನ ದೃಶ್ಯ. ಎರಡು ರಾತ್ರಿ ಕಷ್ಟಪಟ್ಟಿದ್ದೇವೆ. ಗೆಳೆಯರಿಗೆ ತೋರಿಸಿದರೆ ಎಲ್ಲರೂ “ಚೆನ್ನಾಗಿದೆ” ಅಂದರು. ಯಾರಿಗೂ ಹೆದರಿಕೆ ಆಗಲಿಲ್ಲ. ಒಬ್ಬ ನಡುವೆ ಫೋನ್ ನೋಡಿದ. ಅದು ನನಗೆ ತುಂಬಾ ನೋವಾಯಿತು.

ಎಲ್ಲಿ ತಪ್ಪಿದೆ ಅಂತ ದಯವಿಟ್ಟು ಹೇಳಿ.

ಸೌಂಡ್ ಪೆಟ್ಟಿಗೆ, ಅಂಧೇರಿ · ಮಂಗಳವಾರ, ಸಂಜೆ 7:10

ತಮ್ಮಾ, ಓಡುತ್ತಿರುವವನು ಯಾರು ಅಂತ ನನಗೆ ಗೊತ್ತಿಲ್ಲ. ಯಾಕೆ ಓಡುತ್ತಿದ್ದಾನೆ ಗೊತ್ತಿಲ್ಲ. ಸಿಕ್ಕಿಬಿದ್ದರೆ ಏನಾಗುತ್ತದೆ ಅಂತಲೂ ಗೊತ್ತಿಲ್ಲ. ಹಾಗಿದ್ದಾಗ ಡ್ರಮ್ ಎಷ್ಟು ಜೋರು ಬಾರಿಸಿದರೂ ನನ್ನ ಎದೆ ಬಡಿದುಕೊಳ್ಳುವುದಿಲ್ಲ.

‘ಟಚ್ ಆಫ್ ಈವಿಲ್’ ಶುರುವನ್ನು ನೋಡು. 1958, ಆರ್ಸನ್ ವೆಲ್ಸ್. ಮೊದಲ ಚಿತ್ರವೇ ಒಂದು ಕೈ, ಬಾಂಬಿನ ಗಡಿಯಾರ ತಿರುಗಿಸುತ್ತಿದೆ. ಮೂರು ನಿಮಿಷಕ್ಕೆ. ಬಾಂಬನ್ನು ಒಂದು ಕಾರಿನ ಡಿಕ್ಕಿಯಲ್ಲಿ ಇಟ್ಟು ಆಸಾಮಿ ಓಡಿಹೋಗುತ್ತಾನೆ. ಒಂದು ಜೋಡಿ ಬಂದು ಕಾರು ಹತ್ತುತ್ತದೆ. ಆ ಕೈಯಿಂದ ಹಿಡಿದು ಎಲ್ಲಾ ಒಂದೇ ಶಾಟ್, ಒಂದು ಕಟ್ ಕೂಡ ಇಲ್ಲ, ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಗಡಿ ಊರಿನ ಬೀದಿ. ಕಾರು ನಿಧಾನ ಹೋಗುತ್ತದೆ, ಪೊಲೀಸ್ ಕೈ ತೋರಿಸಿದರೆ ನಿಲ್ಲುತ್ತದೆ, ಆಡುಗಳು ಅಡ್ಡ ಬರುತ್ತವೆ. ಹೊಸದಾಗಿ ಮದುವೆಯಾದ ಇನ್ನೊಂದು ಜೋಡಿ ನಡೆದುಕೊಂಡು ಹೋಗುತ್ತಿದೆ. ಕಾರು ಅವರ ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಮತ್ತೆ ಹತ್ತಿರ ಬರುತ್ತದೆ. ಗಡಿಯ ಚೌಕಿಯಲ್ಲಿ ಕಾರಿನೊಳಗಿನ ಹೆಂಗಸು, ತಲೆಯಲ್ಲಿ ಟಿಕ್ ಟಿಕ್ ಸದ್ದು ಕೇಳಿಸುತ್ತಿದೆ ಅಂತ ಕಾವಲುಗಾರನಿಗೆ ಹೇಳುತ್ತಾಳೆ. ಅವನು ತಲೆ ಕೆಡಿಸಿಕೊಳ್ಳುವುದಿಲ್ಲ. ಕುರ್ಚಿಯಲ್ಲಿ ಕೂತ ನಾನು ಮಾತ್ರ ಅವಳಿಗೆ ಹೇಳಬೇಕು ಅಂತ ಒದ್ದಾಡುತ್ತೇನೆ.

ಅಲ್ಲಿ ಯಾರೂ ಓಡುವುದಿಲ್ಲ, ಗಮನಿಸು. ಎಲ್ಲರೂ ಆರಾಮಾಗಿ ನಡೆಯುತ್ತಿದ್ದಾರೆ. ಓಡುವುದು ನನ್ನ ಎದೆ ಮಾತ್ರ.

ಸಂಗೀತದ ವಿಷಯ ನನ್ನ ಕಸುಬಿಗೆ ಹತ್ತಿರದ್ದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. 1958ರಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಆ ಶಾಟಿನ ಮೇಲೆ ಹೆಸರುಗಳನ್ನು ಬರೆದು ಹೆನ್ರಿ ಮ್ಯಾನ್ಸಿನಿ ಸಂಗೀತ ಹಾಕಿದ್ದರು. ವೆಲ್ಸ್‌ಗೆ ಅದು ಬೇಕಿರಲಿಲ್ಲ. ಸ್ಟುಡಿಯೋದವರು ತನ್ನ ಸಿನಿಮಾ ಕತ್ತರಿಸಿದ್ದನ್ನು ನೋಡಿ 58 ಪುಟದ ಟಿಪ್ಪಣಿ ಬರೆದು ಕೊಟ್ಟಿದ್ದರು. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಟಿಪ್ಪಣಿ ಇಟ್ಟುಕೊಂಡು ಮತ್ತೆ ಜೋಡಿಸಿದರು. ಆ ಹೊತ್ತಿಗೆ ವೆಲ್ಸ್ ಇರಲಿಲ್ಲ. ಶುರುವಿನ ಸಂಗೀತ ಹೋಯಿತು, ಹೆಸರುಗಳು ಹೋದವು. ಅದರ ಜಾಗಕ್ಕೆ ಬೀದಿ ಬಂತು. ಕಾರಿನ ರೇಡಿಯೋದ ಹಾಡು, ಒಂದೊಂದು ಕ್ಲಬ್ಬಿನ ಬಾಗಿಲಿನಿಂದ ಒಂದೊಂದು ಹಾಡು, ಜನರ ಗದ್ದಲ. ಇದರಿಂದ ಏನಾಯಿತು ಗೊತ್ತಾ? ಕಾರು ತೆರೆಯಿಂದ ಆಚೆ ಹೋದರೂ ಅದರ ರೇಡಿಯೋ ಕೇಳಿಸುತ್ತದೆ. ಬಾಂಬು ಎಷ್ಟು ದೂರದಲ್ಲಿದೆ ಅಂತ ಕಿವಿಯಿಂದ ತಿಳಿಯುತ್ತದೆ. ಎರಡನ್ನೂ ಹಿಂದೆ ಮುಂದೆ ಹಾಕಿಕೊಂಡು ನೋಡು. ಹೆಸರುಗಳು ಹೋಗಿದ್ದು ಬಿಟ್ಟರೆ ಚಿತ್ರ ಅದೇ. ನೋಡುವ ಕಣ್ಣೇ ಬದಲಾಗುತ್ತದೆ.

ನಮ್ಮಲ್ಲೂ ಸಂಗೀತದ ಊರುಗೋಲು ಬಿಟ್ಟು ನಡೆದವರಿದ್ದಾರೆ. ಸುನಿಲ್ ಕುಮಾರ್ ದೇಸಾಯಿ 1989ರಲ್ಲಿ ಒಂದೂ ಹಾಡಿಲ್ಲದೆ ‘ತರ್ಕ’ ಮಾಡಿದರು. ಆ ಕಾಲದಲ್ಲಿ ಅದಕ್ಕೆ ಎಂಥ ಧೈರ್ಯ ಬೇಕಿತ್ತು ಅಂತ ಯೋಚಿಸು.

ಮಾಟುಂಗಾ ನಿವೃತ್ತ · ಮಂಗಳವಾರ, ರಾತ್ರಿ 8:00

ಇದು ಬಾಂಬಿನ ಮಾತಾದರೂ ‘ರಿಯರ್ ವಿಂಡೋ’ದಲ್ಲಿ ಮಲಗಿದ್ದ ನಾಯಕನ ಮಾತೂ ಇದೇ. ನೋಡುವವನಿಗೆ ಪಾತ್ರಕ್ಕಿಂತ ಒಂದು ಹೆಜ್ಜೆ ಮೊದಲು ಗೊತ್ತಾಗಬೇಕು.

ಲೈಟಿನ ಮನುಷ್ಯ, ಗೋರೆಗಾಂವ್ · ಮಂಗಳವಾರ, ರಾತ್ರಿ 11:50

ಸರ್, ಯಾವಾಗಲೂ ಅಲ್ಲ. ‘ಸೆವೆನ್’ ಇದೆಯಲ್ಲ, 1995, ಡೇವಿಡ್ ಫಿಂಚರ್. ಅದರ ಹೆಸರಿನ ಭಾಗ ಮಾಡಿದವರು ಕೈಲ್ ಕೂಪರ್. ಒಂದು ಕೈ ಬ್ಲೇಡ್ ಹಿಡಿದು ತನ್ನದೇ ಬೆರಳ ತುದಿಯ ಚರ್ಮ ಕೆರೆಯುತ್ತದೆ. ನೋಟ್‌ಬುಕ್ ಹೊಲಿಯುತ್ತದೆ, ಒತ್ತೊತ್ತಾಗಿ ಬರೆಯುತ್ತದೆ, ಫೋಟೋ ಕತ್ತರಿಸುತ್ತದೆ. ಅಕ್ಷರಗಳು ನಡುಗುತ್ತವೆ. ಅವನ್ನು ಫಿಲ್ಮಿನ ಮೇಲೆ ಕೈಯಿಂದಲೇ ಗೀಚಿದ್ದು. ಅದು ಯಾರ ಕೈ, ಯಾಕೆ ಚರ್ಮ ಕೆರೆಯುತ್ತಿದೆ ಅಂತ ಮೊದಲ ಸಲ ನೋಡುವಾಗ ನನಗೆ ಏನೂ ಗೊತ್ತಾಗಲಿಲ್ಲ. ಮೈ ಜುಮ್ ಅಂದಿತು, ಅಷ್ಟೇ. ಆಮೇಲೆ ಬೆರಳಚ್ಚಿನ ಮಾತು ಬಂದಾಗ ಆ ಬ್ಲೇಡ್ ವಾಪಸ್ ನೆನಪಾಯಿತು. ಮೈಗೆ ಮೊದಲು ಗೊತ್ತಾಗಿತ್ತು, ತಲೆಗೆ ಆಮೇಲೆ ಗೊತ್ತಾಯಿತು. ನಾನು ಮೊದಲು ಹೇಳಿದ್ದು ಇದನ್ನೇ.

ಡೊಂಬಿವಲಿ ಗ್ಯಾಲರಿ · ಬುಧವಾರ, ಬೆಳಗ್ಗೆ 7:50

ಅಣ್ಣಾ, ಆ ಸಿನಿಮಾದಲ್ಲಿ ಹೆಸರುಗಳಿಗಿಂತ ಮೊದಲು ಏನಿದೆ ನೆನಪು ಮಾಡಿಕೊಳ್ಳಿ. ಮುದುಕ ಪತ್ತೇದಾರ ಬೆಳಗ್ಗೆ ರೆಡಿ ಆಗುತ್ತಾನೆ. ಟೈ, ಬ್ಯಾಡ್ಜು, ಪೆನ್ನು, ಚಿಕ್ಕ ಚಾಕು, ಎಲ್ಲಾ ಸಾಲಾಗಿ ಜೋಡಿಸಿಟ್ಟಿದ್ದಾನೆ. ರಾತ್ರಿ ಊರಿನ ಗದ್ದಲ ಕೇಳಿಸಬಾರದು ಅಂತ, ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೋನೋಮ್ ಹಾಕಿ ಮಲಗುತ್ತಾನೆ. ಅದಾದ ಮೇಲೆ ಆ ಕೈ ಬರುತ್ತದೆ. ಅದೂ ಅಷ್ಟೇ ಅಚ್ಚುಕಟ್ಟು, ಅಷ್ಟೇ ತಾಳ್ಮೆ. ಇಬ್ಬರೂ ಒಂದೇ ಥರ ಕೆಲಸ ಮಾಡುವವರು. ಹಿಡಿಯುವವನೂ ಸಿಗಬೇಕಾದವನೂ ಎಷ್ಟು ಹತ್ತಿರ ಅಂತ ಅಲ್ಲೇ ತೋರಿಸಿಬಿಟ್ಟರು. ಆದರೆ ಮೈ ಮೊದಲು ಅನ್ನುವ ನಿಮ್ಮ ಮಾತನ್ನು ಇವತ್ತು ಒಪ್ಪುತ್ತೇನೆ. ನಾನು ‘ಗುಟ್ಟು’ ಅಂದೆ. ಆ ಗುಟ್ಟು ತಲೆಗೇ ಕೊಡಬೇಕು ಅಂತೇನಿಲ್ಲ, ಮೈಗೂ ಕೊಡಬಹುದು.

ವಾಸ್ಕೋ ಮಳೆ · ಬುಧವಾರ, ಮಧ್ಯಾಹ್ನ 3:20

ನಾನು ಗೋವಾದಲ್ಲಿ ಶಾಲೆಯ ಟೀಚರ್. ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಒಂದು ಬೇಜಾರು ಹೇಳಿಕೊಳ್ಳಬೇಕು.

ಕಳೆದ ತಿಂಗಳು ಒಂದು ಥ್ರಿಲ್ಲರಿಗೆ ಹೋಗಿದ್ದೆ. ಥಿಯೇಟರಿನ ಹೆಸರು ಬೇಡ. ಸಿನಿಮಾ ಶುರುವಾದ ಮೇಲೂ ಐದು ನಿಮಿಷ ದೀಪ ಆರಿಸಲಿಲ್ಲ. ಪಾಪ್‌ಕಾರ್ನ್ ತರುವ ಹುಡುಗರು ಟಾರ್ಚ್ ಹಿಡಿದು ಸೀಟ್ ನಂಬರ್ ಹುಡುಕುತ್ತಿದ್ದರು. ತೆರೆಯಲ್ಲಿ ಕತ್ತಲ ಕೋಣೆ ಇತ್ತು ಅಂತ ಕಾಣುತ್ತದೆ, ನಮಗೆ ಬೂದು ಬಣ್ಣ ಮಾತ್ರ ಕಂಡಿತು. ಎದ್ದು ಹೋಗಿ ಹೇಳಿದೆ. “ಇನ್ನೂ ಟೈಟಲ್ಸ್ ಅಲ್ವಾ ಮೇಡಂ” ಅಂದರು. ಟೈಟಲ್ಸ್ ಅಂದರೆ ಸಿನಿಮಾ ಅಲ್ಲ ಅಂತ ಯಾರು ಕಲಿಸಿದರು ಇವರಿಗೆ? ಮನೆಯಲ್ಲಿ ನೋಡಿದರೆ ಆ್ಯಪ್ ಕೂಡ ‘ಇಂಟ್ರೋ ದಾಟಿಸಿ’ ಅಂತ ಬಟನ್ ಕೊಡುತ್ತದೆ. ‘ವರ್ಟಿಗೋ’ ಶುರುವಿನಲ್ಲಿ ಒಂದು ಹೆಂಗಸಿನ ಕಣ್ಣು ತೆರೆ ತುಂಬುತ್ತದೆ, ತೆರೆ ಕೆಂಪಾಗುತ್ತದೆ, ಆ ಕಣ್ಣಿನೊಳಗಿಂದ ಸುರುಳಿ ತಿರುಗುತ್ತಾ ಬರುತ್ತದೆ. ಸಾಲ್ ಬಾಸ್ ಮಾಡಿದ್ದು, 1958ರಲ್ಲಿ. ಸಿನಿಮಾ ಪೂರ್ತಿ ಅದೇ ಸುರುಳಿ, ಹೆಂಗಸಿನ ತುರುಬಿನಲ್ಲೂ, ಗೋಪುರದ ಮೆಟ್ಟಿಲಲ್ಲೂ. ಬಟನ್ ಒತ್ತಿ ಅದನ್ನು ದಾಟಿಸಿದರೆ ತುರುಬು ಬರೀ ತುರುಬಾಗಿ ಉಳಿಯುತ್ತದೆ.

ಪಣಜಿಗೆ 2004ರಿಂದ ಚಿತ್ರೋತ್ಸವ ಬರುತ್ತಿದೆ. ನವೆಂಬರಿನಲ್ಲಿ ರಜೆ ಹಾಕಿ ಹೋಗುತ್ತೇನೆ. ದೀಪ ಆರಿದ ಕೂಡಲೇ ಹಾಲ್ ಪೂರ್ತಿ ಸದ್ದಡಗುವ ಆ ಒಂದು ಗಳಿಗೆ, ಅದಕ್ಕಾಗಿಯೇ ಹೋಗುವುದು ಅಂದರೂ ತಪ್ಪಿಲ್ಲ.

ಪುಣೆ ಹುಡುಗನಿಗೆ: ಡ್ರೋನ್ ತೆಗೆದುಬಿಡಪ್ಪಾ. ಆಕಾಶದಿಂದ ನೋಡುವಾಗ ಯಾರ ಮೇಲೂ ಪ್ರೀತಿ ಹುಟ್ಟುವುದಿಲ್ಲ.

ಲೈಟಿನ ಮನುಷ್ಯ, ಗೋರೆಗಾಂವ್ · ಬುಧವಾರ, ರಾತ್ರಿ 10:30

ಮೇಡಂ, ‘ಸೈಕೋ’ ಶುರುವೂ ಆಕಾಶದಿಂದಲೇ. ಆದರೆ ಅದು ಕೆಳಗಿಳಿದು ಒಂದು ಕಿಟಕಿ ಸೇರುತ್ತದೆ. ಹುಡುಗನ ಡ್ರೋನ್ ಎಲ್ಲಿಗೂ ಇಳಿಯಲಿಲ್ಲ, ಕಷ್ಟ ಅದು.

ಮಾಟುಂಗಾ ನಿವೃತ್ತ · ಗುರುವಾರ, ಬೆಳಗ್ಗೆ 6:45

ಪುಣೆಯ ತಮ್ಮನಿಗೆ. ನೀನಿರುವ ಊರು ಸಾಮಾನ್ಯದ್ದಲ್ಲ. ಪ್ರಭಾತ್ ಕಂಪನಿಯ ಸ್ಟುಡಿಯೋ ಜಾಗದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂತು. ನಮ್ಮ ಗಿರೀಶ್ ಕಾಸರವಳ್ಳಿ ಓದಿದ್ದು ಅಲ್ಲೇ. ಶ್ರೀರಾಮ್ ರಾಘವನ್ ಕೂಡ. 1964ರಿಂದ ಹಳೇ ಸಿನಿಮಾಗಳನ್ನು ಕಾಪಾಡುವ ಫಿಲ್ಮ್ ಆರ್ಕೈವ್ ಕೂಡ ನಿಮ್ಮಲ್ಲೇ ಇದೆ, ಲಾ ಕಾಲೇಜ್ ರಸ್ತೆಯಲ್ಲಿ.

ರಾಘವನ್ ಅವರ ‘ಅಂಧಾಧುನ್’ ನೋಡಿದ್ದೀಯಲ್ಲ? 2018ರದ್ದು. ಕಥೆ ನಡೆಯುವುದು ಪುಣೆಯಲ್ಲೇ. ಪಿಯಾನೋ ನುಡಿಸುವ ಕುರುಡನ ಕಥೆ ಅಂತ ನಾವು ಹೋಗಿ ಕೂತರೆ, ತೆರೆಯಲ್ಲಿ ಎಲೆಕೋಸಿನ ಹೊಲ. ಒಂದು ಮೊಲ. ಅದರ ಒಂದು ಕಣ್ಣು ಕುರುಡು. ಬಂದೂಕು ಹಿಡಿದವನೊಬ್ಬ ಅದರ ಹಿಂದೆ. ಗುಂಡಿನ ಸದ್ದು. ಆಮೇಲೆ ಮೊಲದ ಸುದ್ದಿಯೇ ಇಲ್ಲ, ಪಿಯಾನೋ ಶುರುವಾಗುತ್ತದೆ. ನಾವೂ ಮರೆತುಬಿಡುತ್ತೇವೆ. ಮುಂದಿನದ್ದು ನೋಡದವರಿಗಾಗಿ ಹೇಳುವುದಿಲ್ಲ. ಆ ಮೊಲವನ್ನು ನಂಬಬೇಕೋ ಬೇಡವೋ ಅನ್ನುವುದೇ ಇಡೀ ಸಿನಿಮಾದ ಪ್ರಶ್ನೆ ಅಂತ ಎರಡನೇ ಸಲ ನೋಡಿದಾಗ ನನಗೆ ತಿಳಿಯಿತು. ಕುರುಡುತನದ ಬಗ್ಗೆ ಒಂದು ಮಾತೂ ಆಡದೆ ಮೊಲದ ಕಣ್ಣಲ್ಲಿ ಅದನ್ನು ಇಟ್ಟುಬಿಟ್ಟರು.

ನಿನ್ನ ಹೋಟೆಲಿನಲ್ಲಿ ಅಂಥದ್ದು ಏನಿದೆ ಅಂತ ನೋಡು. ರಸ್ತೆಯಲ್ಲಿ ಓಡುವವನನ್ನು ಬಿಡು. ನಿನ್ನ ಕಥೆ ಒಳಗಿದೆ.

ಡೊಂಬಿವಲಿ ಗ್ಯಾಲರಿ · ಗುರುವಾರ, ರಾತ್ರಿ 9:15

ತಮ್ಮಾ, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಒಳಗೆ ಹೇಗಿರುತ್ತದೆ? ನಮಗೆ ಹೇಳು. ಕಥೆ ಬೇಡ, ಕಂಡಿದ್ದು ಮಾತ್ರ.

ಕರ್ವೆ ರಸ್ತೆ ಹುಡುಗ, ಪುಣೆ · ಗುರುವಾರ, ರಾತ್ರಿ 11:40

ಅಕ್ಕ, ಶಟರ್ ಅರ್ಧ ಇಳಿಸಿರುತ್ತಾರೆ. ಕುರ್ಚಿಗಳನ್ನೆಲ್ಲ ಮಗುಚಿ ಟೇಬಲ್ ಮೇಲೆ ಇಡುತ್ತಾರೆ, ಕಾಲು ಮೇಲೆ. ನೆಲ ಒರೆಸಿದ ನೀರು ಇನ್ನೂ ಆರಿರುವುದಿಲ್ಲ. ಫಿನೈಲ್ ವಾಸನೆ. ದೋಸೆ ಕಾವಲಿ ಬಿಸಿ ಆರುವಾಗ ಟಿಣ್ ಟಿಣ್ ಅಂತ ಸಣ್ಣ ಸದ್ದು ಮಾಡುತ್ತದೆ. ದೇವರ ಫೋಟೋದ ಮುಂದಿನ ಕೆಂಪು ಬಲ್ಬು ಮಾತ್ರ ಉರಿಯುತ್ತಿರುತ್ತದೆ. ಅಪ್ಪ ಚಿಲ್ಲರೆಯನ್ನು ಹತ್ತು ಹತ್ತರ ಕಂಬ ಮಾಡಿ ಎಣಿಸುತ್ತಿದ್ದರು.

ಬರೆಯುತ್ತಾ ಬರೆಯುತ್ತಾ ಒಂದು ಹೊಳೆಯಿತು. ಎಲ್ಲಾ ಟೇಬಲ್ ಮೇಲೆ ಕುರ್ಚಿ ಮಗುಚಿದೆ. ಒಂದು ಟೇಬಲ್ ಮೇಲೆ ಮಾತ್ರ ಇಲ್ಲ. ಅಲ್ಲಿ ಒಂದು ಲೋಟ ಕಾಫಿ, ಇನ್ನೂ ಹಬೆ ಏಳುತ್ತಿದೆ. ಶಟರ್ ಇಳಿದಿದೆ.

ಸೌಂಡ್ ಪೆಟ್ಟಿಗೆ, ಅಂಧೇರಿ · ಗುರುವಾರ, ರಾತ್ರಿ 11:52

ಸಿಕ್ಕಿತು. ಡ್ರಮ್ ಬೇಡ. ಕಾವಲಿಯ ಟಿಣ್ ಟಿಣ್ ಸಾಕು. ರೆಕಾರ್ಡರ್ ತಗೊಂಡು ಹೋಗಿ ನಿಜವಾದ ಕಾವಲಿಯದ್ದೇ ಹಿಡಿದುಕೋ.

ಲೈಟಿನ ಮನುಷ್ಯ, ಗೋರೆಗಾಂವ್ · ಶುಕ್ರವಾರ, ಬೆಳಗ್ಗೆ 2:00

ಹುಡುಗಾ, ಹಬೆ ಸುಮ್ನೆ ಕಾಣುವುದಿಲ್ಲ, ನೆನಪಿಡು. ಮುಂದಿನಿಂದ ಲೈಟ್ ಹಾಕಿದರೆ ಹಬೆ ಮಾಯ. ಲೋಟದ ಹಿಂದಿನಿಂದ, ಸ್ವಲ್ಪ ಓರೆಯಾಗಿ ಹಾಕು. ಲೈಟ್ ಕ್ಯಾಮೆರಾಕ್ಕೆ ಕಾಣಬಾರದು, ಕಂಬದ ಹಿಂದೆ ಬಚ್ಚಿಡು. ಹಬೆಯ ಹಿಂದೆ ಗೋಡೆ ಕತ್ತಲಾಗಿರಲಿ, ಬಿಳಿ ಗೋಡೆ ಇದ್ದರೆ ಕರಿ ಬಟ್ಟೆ ಕಟ್ಟು. ಫ್ಯಾನ್ ಪೂರ್ತಿ ಆರಿಸು, ಇಲ್ಲದಿದ್ದರೆ ಹಬೆ ಹಾರಿಹೋಗುತ್ತದೆ. ಪ್ರತಿ ಟೇಕಿಗೂ ಕುದಿಯುವ ಕಾಫಿ ಬೇಕು, ಒಬ್ಬನನ್ನು ಸ್ಟವ್ ಹತ್ತಿರವೇ ನಿಲ್ಲಿಸು. ನೆಲದ ನೀರು ಒರೆಸಬೇಡ. ಆ ಕೆಂಪು ಬಲ್ಬು ನೀರಿನಲ್ಲಿ ಬೀಳುವ ಹಾಗೆ ಕ್ಯಾಮೆರಾ ಕೆಳಗೆ ಇಡು. ಅದೇ ನಿನ್ನ ಕೆಳಲೋಕ.

ಶಾಟ್ ಶಟರಿನ ಕೆಳಗಿನಿಂದ ಶುರು ಮಾಡು. ನೋಡುವವನು ಬಗ್ಗಿ ಒಳಗೆ ಬಂದ ಹಾಗಿರಲಿ.

ಡೊಂಬಿವಲಿ ಗ್ಯಾಲರಿ · ಶುಕ್ರವಾರ, ಬೆಳಗ್ಗೆ 8:10

ಬಗ್ಗಿ ಒಳಗೆ ಬಂದರೆ ನಾವೂ ಕದ್ದು ಒಳಗೆ ಬಂದವರೇ ಆದೆವು. ತುಂಬಾ ಚೆನ್ನಾಗಿದೆ ಅಣ್ಣಾ.

ಕರ್ವೆ ರಸ್ತೆ ಹುಡುಗ, ಪುಣೆ · ಹತ್ತು ದಿನದ ನಂತರ, ಸೋಮವಾರ, ಮಧ್ಯಾಹ್ನ 1:00

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ ಮುಗಿಸಿದೆವು. ಹೋಟೆಲ್ ಮಾಲೀಕರು 11ಕ್ಕೆ ಬೀಗದ ಕೈ ಕೊಟ್ಟರು, ಬೆಳಗ್ಗೆ 5ಕ್ಕೆ ಇಡ್ಲಿ ಹಿಟ್ಟು ಬರುವ ಮೊದಲು ಖಾಲಿ ಮಾಡಬೇಕು ಅಂದರು. ಆ ಒಂದು ಶಾಟಿಗೆ ಹದಿನೇಳು ಟೇಕ್ ಆಯಿತು. ಹದಿನೇಳು ಲೋಟ ಕಾಫಿ. ಒಂಬತ್ತನೆಯದರಲ್ಲಿ ಹಬೆ ಚೆನ್ನಾಗಿತ್ತು, ಆದರೆ ಒಂದು ಕುರ್ಚಿ ಜಾರಿ ಬಿತ್ತು. ಹದಿನಾರನೆಯದರಲ್ಲಿ ಹೊರಗೆ ಲಾರಿ ಹಾರ್ನ್ ಹೊಡೆಯಿತು. ಕೊನೆಯದು ಸರಿಯಾಯಿತು, ಮೂರೂವರೆ ಗಂಟೆಗೆ. ಐವತ್ತೆರಡು ಸೆಕೆಂಡಿನ ಶಾಟ್. ಸಂಗೀತ ಹಾಕಿಲ್ಲ.

ಓಡುವ ದೃಶ್ಯ ಪೂರ್ತಿ ತೆಗೆದೆ. ಎರಡು ರಾತ್ರಿಯ ಕೆಲಸ, ಅಳಿಸುವಾಗ ಕೈ ನಡುಗಿತು.

ನಿನ್ನೆ ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಅಡುಗೆ ಮಾಡುತ್ತಾ ನೋಡುತ್ತಿದ್ದರು. ಕಾಫಿ ಬಂದ ಕೂಡಲೇ ಸೌಟು ಕೆಳಗಿಟ್ಟು, “ಯಾರೋ ಅದು ಒಳಗೆ?” ಅಂದರು. ತೆರೆಯಲ್ಲಿ ಯಾರೂ ಇರಲಿಲ್ಲ.

ಲೈಟಿನ ಮನುಷ್ಯ, ಗೋರೆಗಾಂವ್ · ಸೋಮವಾರ, ಮಧ್ಯಾಹ್ನ 1:20

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ವಾಸ್ಕೋ ಮಳೆ · ಸೋಮವಾರ, ಮಧ್ಯಾಹ್ನ 1:45

ನಮಗೆಲ್ಲ ಯಾವಾಗ ತೋರಿಸುತ್ತೀಯಪ್ಪಾ?

ಡೊಂಬಿವಲಿ ಗ್ಯಾಲರಿ · ಸೋಮವಾರ, ರಾತ್ರಿ 9:00

ಸಂಘದವರನ್ನು ಕೇಳಿ ಒಪ್ಪಿಸಿದ್ದೇನೆ. ಬರುವ ಭಾನುವಾರ ಸಂಜೆ 5ಕ್ಕೆ, ಮೊದಲು ಪುಣೆ ತಮ್ಮನ ಕಿರುಚಿತ್ರ, ಆಮೇಲೆ ‘ಟಚ್ ಆಫ್ ಈವಿಲ್’, 1998ರ ಪ್ರತಿ. ಕಿಟಕಿಗಳಿಗೆ ಮಳೆಯ ನೀಲಿ ತಾಡಪತ್ರಿ ಕಟ್ಟುತ್ತೇವೆ, ಒಳಗೆ ಬೆಳಕು ಬರುವುದಿಲ್ಲ. ಫ್ಯಾನ್ ನಿಲ್ಲಿಸಬೇಕಾಗುತ್ತದೆ, ಕಾವಲಿಯ ಸದ್ದು ಕೇಳಬೇಕಲ್ಲ, ಸ್ವಲ್ಪ ಸೆಕೆ ತಡೆದುಕೊಳ್ಳಿ. ಸಿನಿಮಾ ಮುಗಿದ ಮೇಲೆ ಚಹಾ ಕೊಡುತ್ತೇವೆ. ದೀಪ 4:55ಕ್ಕೇ ಆರಿಸುತ್ತೇವೆ, ದಯವಿಟ್ಟು ಅಷ್ಟರಲ್ಲಿ ಬಂದು ಕೂತಿರಿ.